ವಿದ್ಯುತ್ತೂ ಸರಿಗೆಯೂ

ಒಂದು ಲೋಹದ ಮೇಲೆ ಮತ್ತೊಂದು ಲೋಹದ ತೆಳುವಾದ ಹೊದಿಕೆಯನ್ನು ಏರಿಸುವುದಕ್ಕೆ ನಮ್ಮ ಜನರು ಗಿಲೀಟು ಎನ್ನುವರು. ಈ ಮಾತಿಗೆ ನಮ್ಮಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಗಿಲೀಟಿನ ಮನುಷ್ಯನೆಂದರೆ ಹೊರಗೆ ಹೊಳಪು, ಒಳಗೆ ಹುರುಳಿಲ್ಲವೆಂದೇ ಅರ್ಥ. ಆದರೆ ದೊಡ್ಡಬಳ್ಳಾಪುರದಂತಹ ನೇಯ್ಗೆಯ ಊರಿನಲ್ಲಿ, ಮಗ್ಗದ ಸದ್ದಿನೊಳಗೇ ಹುಟ್ಟಿ ಬೆಳೆದವರಾದ ನಮಗೆ ಈ ಸಂಗತಿಯಲ್ಲಿ ಎರಡು ಮಾತು ಹೇಳುವುದುಂಟು. ಜರತಾರಿ ಸೀರೆಯ ಅಂಚಿನಲ್ಲಿ ಮಿನುಗುವ ಸರಿಗೆಯನ್ನೇ ನೋಡಿರಿ. ಅಪ್ಪಟವೆಂದು ಹೆಸರಾದ ಸರಿಗೆಯಲ್ಲಿರುವುದು ಬೆಳ್ಳಿಯ ಮೇಲೆ ಚಿನ್ನದ ಗಿಲೀಟು. ನಕಲಿಯೆಂದು ಹೆಸರಾದುದರಲ್ಲಿರುವುದು ತಾಮ್ರದ ಮೇಲೆ ಬೆಳ್ಳಿಯ ಗಿಲೀಟು. ಎರಡಕ್ಕೂ ವಿದ್ಯುತ್ತಿನ ತೊಟ್ಟಿಯಲ್ಲಿ ಸ್ನಾನವಾಗಿಯೇ ಇರುವುದು. ಆದುದರಿಂದ ಗಿಲೀಟಾಗಿದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯಲ್ಲ. ಯಾವುದರ ಮೇಲೆ ಯಾವುದು, ಎಷ್ಟು ಎಂಬುದೇ ಪ್ರಶ್ನೆ. ಇದನ್ನು ತಿಳಿಯಬೇಕಾದರೆ ರಸಾಯನಶಾಸ್ತ್ರದಲ್ಲಿ ವಿದ್ಯುದ್ವಿಭಜನೆ ಎಂದು ಕರೆಯುವ ಕ್ರಿಯೆಯನ್ನು ಕೊಂಚ ಅರಿತಿರಬೇಕು. ಹೆಸರಿನ ಭಾರಕ್ಕೆ ಅಂಜಿ ಗೃಹಿಣಿಯರು ಪುಟವನ್ನು ಮಗುಚಬಾರದೆಂದು ಬೇಡುತ್ತೇವೆ. ಈ ಕ್ರಿಯೆಯ ಅರಿವು ನಮ್ಮ ಮನೆಯಲ್ಲಿ ಒಬ್ಬ ವೃದ್ಧೆಯ ಮನಸ್ಸಿನ ಮುಳ್ಳನ್ನು ತೆಗೆಯಿತು. ಆ ಸಂಗತಿಯನ್ನು ಮುಂದೆ ಹೇಳುವೆವು.

ವಿದ್ಯುದ್ವಿಭಜನೆಯೆಂದರೆ ದ್ರವದೊಳಗೆ ವಿದ್ಯುತ್ಪ್ರವಾಹವನ್ನು ಹರಿಯಿಸಿ ಅದರಲ್ಲಿ ಕೂಡಿಕೊಂಡಿರುವ ವಸ್ತುಗಳನ್ನು ಬೇರ್ಪಡಿಸುವುದು. ಎಲ್ಲ ದ್ರವಗಳಲ್ಲಿಯೂ ಇದು ನಡೆಯತಕ್ಕದ್ದಲ್ಲ. ಭಟ್ಟಿಯಿಳಿಸಿದ ಶುದ್ಧ ಜಲದಲ್ಲಿ ವಿದ್ಯುತ್ತು ಹರಿಯುವುದು ಬಲು ಅಲ್ಪ. ಅದಕ್ಕೆ ಸಕ್ಕರೆಯನ್ನು ಕದಡಿದರೂ ಅಷ್ಟೆ. ಉಪ್ಪನ್ನೋ ಸೋಡವನ್ನೋ ಮೈಲುತುತ್ತವನ್ನೋ ಕರಗಿಸಿದಾಗ ನೀರು ವಿದ್ಯುತ್ತಿಗೆ ದಾರಿ ಬಿಡುವುದು. ಏಕೆಂದರೆ ಇಂತಹ ಲವಣಗಳು ನೀರಿನಲ್ಲಿ ಕರಗುವಾಗ ಎರಡು ಬಗೆಯ ಕಣಗಳಾಗಿ ಅಗಲುವುವು. ಕೆಲವು ಧನ ವಿದ್ಯುದಂಶವನ್ನು ಹೊತ್ತಿರುವುವು, ಕೆಲವು ಋಣ ವಿದ್ಯುದಂಶವನ್ನು. ಇವುಗಳಿಗೆ ಅಯಾನುಗಳೆಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ನಡೆಯತಕ್ಕದ್ದು, ಪಯಣಿಗ ಎಂಬ ಅರ್ಥ. ಬ್ಯಾಟರಿಯ ಎರಡು ತುದಿಗಳಿಂದ ಎರಡು ಕಡ್ಡಿಗಳನ್ನು ಈ ದ್ರಾವಣದಲ್ಲಿ ಇಳಿಬಿಟ್ಟರೆ, ಧನ ಅಯಾನುಗಳು ಋಣಾಗ್ರದ ಕಡೆಗೂ ಋಣ ಅಯಾನುಗಳು ಧನಾಗ್ರದ ಕಡೆಗೂ ಪಯಣ ಹೊರಡುವುವು. ಋಣಾಗ್ರದಲ್ಲಿ ಎಲೆಕ್ಟ್ರಾನುಗಳನ್ನು ಪಡೆಯುವ ವ್ಯಾಪಾರ, ಧನಾಗ್ರದಲ್ಲಿ ಕೊಡುವ ವ್ಯಾಪಾರ. ಇಡೀ ಶಾಸ್ತ್ರವು ಈ ಕೊಡುಕೊಳ್ಳುವಿಕೆಯಲ್ಲಿ ಅಡಗಿದೆ.

ಮಕ್ಕಳಿರುವ ಮನೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಒಂದು ಗಾಜಿನ ಲೋಟದ ನೀರಿಗೆ ಚಮಚದಷ್ಟು ಬಟ್ಟೆಸೋಡವನ್ನು ಹಾಕಿ ಕರಗಿಸಿರಿ. ಎರಡು ಪೆನ್ಸಿಲುಗಳನ್ನು ಎರಡು ತುದಿಗಳಲ್ಲಿಯೂ ಹೆರೆದು, ಮೇಲಿನ ಸೀಸದ ಮೊನೆಗಳಿಗೆ ಒಂಬತ್ತು ವೋಲ್ಟಿನ ಚಿಕ್ಕ ಬ್ಯಾಟರಿಯ ತಂತಿಗಳನ್ನು ಸುತ್ತಿ, ಕೆಳಗಿನ ಮೊನೆಗಳನ್ನು ನೀರಿನಲ್ಲಿ ಒಂದಕ್ಕೊಂದು ತಗುಲದಂತೆ ನಿಲ್ಲಿಸಿರಿ. ಎರಡು ಮೊನೆಗಳಿಂದಲೂ ಗುಳ್ಳೆಗಳು ಏಳುವುವು. ಋಣಾಗ್ರದಲ್ಲಿ ಏಳುವುದು ಜಲಜನಕ, ಧನಾಗ್ರದಲ್ಲಿ ಆಮ್ಲಜನಕ. ಮೊದಲನೆಯದು ಎರಡನೆಯದರ ಇಮ್ಮಡಿಯಷ್ಟಿರಬೇಕು, ನೀರಿನ ಕಟ್ಟಡವೇ ಹಾಗೆ. ಇಟಲಿಯ ವೋಲ್ಟನು 1800ರಲ್ಲಿ ತನ್ನ ವಿದ್ಯುತ್ಕೋಶವನ್ನು ಪ್ರಕಟಿಸಿದ ಸುದ್ದಿ ಬಂದ ಕೆಲವು ವಾರಗಳಲ್ಲಿಯೇ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬವರು ಹೀಗೆ ನೀರನ್ನು ಒಡೆದರು. ಪಂಚಭೂತಗಳಲ್ಲಿ ಒಂದಾದ ನೀರು ಎರಡು ವಾಯುಗಳ ಕೂಟವೆಂಬುದನ್ನು ಮೇಜಿನ ಮೇಲೆ ತೋರಿಸಿದುದು ಸಣ್ಣ ಸಾಹಸವಲ್ಲ. ಈ ಪ್ರಯೋಗದಲ್ಲಿ ಸೋಡಕ್ಕೆ ಬದಲು ಅಡಿಗೆಯ ಉಪ್ಪನ್ನು ಹಾಕಕೂಡದು. ಹಾಕಿದರೆ ಧನಾಗ್ರದಲ್ಲಿ ಕ್ಲೋರಿನ್ ಅನಿಲವು ಹೊರಟು ಎದೆಗೆ ಕೇಡಾಗುವುದು. ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನಂತೂ ಇದರ ಹತ್ತಿರವೂ ತರಕೂಡದು.

ಇದೇ ಕ್ರಿಯೆ ನಮ್ಮ ಮನೆಗಳ ಮೂಲೆಯಲ್ಲಿ ಕೂತಿರುವ ಇನ್ವರ್ಟರಿನ ಸೀಸದ ಬ್ಯಾಟರಿಯಲ್ಲಿಯೂ ನಡೆಯುತ್ತಲೇ ಇರುವುದು. ಅದು ತುಂಬಿದ ಮೇಲೆಯೂ ವಿದ್ಯುತ್ತು ಒಳಹೋಗುತ್ತಿದ್ದರೆ ಒಳಗಿನ ನೀರು ಒಡೆದು ವಾಯುವಾಗಿ ಹೊರಹೋಗುವುದು. ಆಗಾಗ ಭಟ್ಟಿಯಿಳಿಸಿದ ನೀರನ್ನು ಎರೆಯಬೇಕಾದುದು ಅದಕ್ಕಾಗಿಯೇ. ಹೊರಬರುವ ಜಲಜನಕವು ಕಿಡಿ ತಾಕಿದರೆ ಸಿಡಿಯತಕ್ಕ ವಸ್ತು. ಸ್ಥಳ ಸಾಲದೆಂದು ಬ್ಯಾಟರಿಯನ್ನು ಗಾಳಿಯಾಡದ ದೇವರ ಮನೆಯಲ್ಲಿ ನಂದಾದೀಪದ ಪಕ್ಕಕ್ಕೆ ಇರಿಸಿರುವುದನ್ನು ನಾವು ಒಂದೆರಡು ಮನೆಗಳಲ್ಲಿ ಕಂಡಿದ್ದೇವೆ. ಅವರಿಗೆ ಹೇಳಿದೆವು, ಓದುಗರಿಗೂ ಹೇಳುತ್ತೇವೆ.

ಇನ್ನು ಲೋಹದ ಮಾತು. ದೇವನಹಳ್ಳಿ, ದೊಡ್ಡಬಳ್ಳಾಪುರಗಳ ಕಡೆ ದ್ರಾಕ್ಷಿಯ ತೋಟವುಳ್ಳವರ ಮನೆಯಲ್ಲಿ ಮೈಲುತುತ್ತ ಇದ್ದೇ ಇರುವುದು. ಸುಣ್ಣದೊಡನೆ ಬೆರೆಸಿ ಬೋರ್ಡೋ ದ್ರಾವಣವೆಂದು ಬಳ್ಳಿಗೆ ಸಿಂಪಡಿಸುವರು. ಮೈಲುತುತ್ತವು ತಾಮ್ರದ ಲವಣ. ಅದರ ನಾಲ್ಕು ಹರಳುಗಳನ್ನು ನೀರಿನಲ್ಲಿ ಕರಗಿಸಿ, ಧನಾಗ್ರಕ್ಕೆ ತಾಮ್ರದ ತಂತಿಯ ಚೂರನ್ನೂ ಋಣಾಗ್ರಕ್ಕೆ ಪೆನ್ಸಿಲಿನ ಸೀಸವನ್ನೂ ಕಟ್ಟಿ ಗಡಿಯಾರದ ಸಾಮಾನ್ಯ ಶೆಲ್ಲಿನಿಂದ ಪ್ರವಾಹವನ್ನು ಬಿಟ್ಟರೆ, ಸ್ವಲ್ಪ ಹೊತ್ತಿಗೆ ಕರಿಯ ಸೀಸವು ಕೆಂಪು ತಾಮ್ರದ ಅಂಗಿಯನ್ನು ತೊಟ್ಟುಕೊಳ್ಳುವುದು. ದ್ರಾವಣದ ನೀಲಿ ಮಾತ್ರ ಮಾಸುವುದಿಲ್ಲ. ಋಣಾಗ್ರದಲ್ಲಿ ಎಷ್ಟು ತಾಮ್ರ ಕೂತಿತೋ ಅಷ್ಟೇ ತಾಮ್ರವು ಧನಾಗ್ರದ ತಂತಿಯಿಂದ ಕರಗಿ ದ್ರಾವಣಕ್ಕೆ ಸೇರಿರುವುದೇ ಇದಕ್ಕೆ ಕಾರಣ. ಮೈಲುತುತ್ತ ವಿಷವಾದುದರಿಂದ ಆ ಲೋಟವನ್ನು ಮತ್ತೆ ಅಡಿಗೆಮನೆಗೆ ತರಬಾರದು.

ಈ ಲೆಕ್ಕ ತಪ್ಪುವುದಿಲ್ಲವೆಂದು ಕಂಡುಹಿಡಿದವನು ಮೈಕೇಲ್ ಫ್ಯಾರಡೆ. 1791ರಲ್ಲಿ ಲಂಡನ್ನಿನ ಬಳಿ ಒಬ್ಬ ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿದ್ವಾಂಸನಾದ ಈ ಪುಣ್ಯಾತ್ಮನು 1834ರ ಸುಮಾರಿಗೆ ಸ್ಥಾಪಿಸಿದ ನಿಯಮವು ಇಷ್ಟೆ: ಹರಿದ ವಿದ್ಯುತ್ತಿನ ಮೊತ್ತಕ್ಕೆ ತಕ್ಕಷ್ಟು ಲೋಹವು ಕೂರುವುದು, ಹೆಚ್ಚೂ ಇಲ್ಲ, ಕಡಮೆಯೂ ಇಲ್ಲ. ಒಂದು ಆಂಪಿಯರ್ ಪ್ರವಾಹವು ಒಂದು ಗಂಟೆ ಹರಿದರೆ ಮೈಲುತುತ್ತದಿಂದ 1.19 ಗ್ರಾಂ ತಾಮ್ರ, ಬೆಳ್ಳಿಯ ಲವಣದಿಂದ 4.02 ಗ್ರಾಂ ಬೆಳ್ಳಿ. ಬೆಳ್ಳಿ ಏಕೆ ಹೆಚ್ಚೆಂದರೆ, ಅದರ ಪರಮಾಣು ತಾಮ್ರದ್ದಕ್ಕಿಂತ ಭಾರವಾದುದು, ಮತ್ತು ಅದರ ಒಂದು ಅಯಾನಿಗೆ ಒಂದೇ ಎಲೆಕ್ಟ್ರಾನು ಸಾಕು. ಮೈಲುತುತ್ತದ ತಾಮ್ರಕ್ಕೆ ಎರಡು ಬೇಕು. ಈ ಲೆಕ್ಕದ ಮೇಲೆ ಲೋಕಕ್ಕೆ ಎಷ್ಟು ಭರವಸೆಯಿತ್ತೆಂದರೆ, 1908ರ ಲಂಡನ್ ಸಮ್ಮೇಳನದಿಂದ 1948ರವರೆಗೆ ಆಂಪಿಯರನ್ನು ಅಳೆಯಲು ಬೆಳ್ಳಿಯೇ ಪ್ರಮಾಣವಾಗಿತ್ತು; ಒಂದು ಸೆಕೆಂಡಿಗೆ 0.001118 ಗ್ರಾಂ ಬೆಳ್ಳಿಯನ್ನು ಕೂರಿಸುವ ಪ್ರವಾಹವೇ ಒಂದು ಆಂಪಿಯರ್. ತಕ್ಕಡಿಯಿಂದ ಮಿಂಚನ್ನು ತೂಗಿದಂತಾಯಿತು!

ಚಿನ್ನದ ಕೆಲಸ ಇದಕ್ಕೂ ಹಿಂದಿನದು. ವೋಲ್ಟನ ಸ್ನೇಹಿತನಾದ ಬ್ರುನ್ಯಾತೆಲ್ಲಿ ಎಂಬ ವಿದ್ವಾಂಸನು 1805ರಲ್ಲಿಯೇ ಎರಡು ಬೆಳ್ಳಿಯ ಪದಕಗಳಿಗೆ ವಿದ್ಯುತ್ತಿನಿಂದ ಚಿನ್ನವನ್ನು ಲೇಪಿಸಿದನು. ಬೆಳ್ಳಿಯ ಮೇಲೆ ಚಿನ್ನ, ಅಂದರೆ ನಮ್ಮ ಸರಿಗೆಯ ಕ್ರಮವೇ. ಅದು ವ್ಯಾಪಾರವಾದುದು 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ಹಕ್ಕುಪತ್ರ ಪಡೆದ ಮೇಲೆ. ಚಿನ್ನವು ಸುಲಭವಾಗಿ ಕರಗದು. ಅದನ್ನು ನೀರಿನಲ್ಲಿ ಹಿಡಿದಿಡಲು ಅವರು ಉಪಯೋಗಿಸಿದುದು ಸಯನೈಡ್ ಎಂಬ ಘೋರ ವಿಷ. ಹೊಸಕೋಟೆಯನ್ನು ದಾಟಿ ಹೋದರೆ ಸಿಗುವ ಕೋಲಾರದ ಗಣಿಗಳಲ್ಲಿ, 2001ರಲ್ಲಿ ಅವು ಮುಚ್ಚುವವರೆಗೆ, ಕಲ್ಲಿನ ಪುಡಿಯಿಂದ ಚಿನ್ನವನ್ನು ಸೆಳೆದುದೂ ಇದೇ ವಿಷದಿಂದ. ಆದುದರಿಂದ ಚಿನ್ನದ ನೀರು ಬಿಡುವ ಕೆಲಸವನ್ನು ಮನೆಯಲ್ಲಿ ಮಾಡಿ ನೋಡುವೆವೆಂದು ಯಾರೂ ಹೊರಡಬಾರದು. ತೊಟ್ಟಿಯ ನೀರನ್ನು ಶುದ್ಧಮಾಡದೆ ಮೋರಿಗೆ ಬಿಡುವ ಲೇಪನದ ಕೆಲಸಗಾರರಿಂದ ಕೆರೆಬಾವಿಗಳಿಗೆ ಒದಗುವ ಕೇಡು ಸಣ್ಣದಲ್ಲ. ನೆಲಮಂಗಲದ ದಾರಿಯಲ್ಲಿರುವ ಪೀಣ್ಯದ ಅಂತರ್ಜಲದಲ್ಲಿ ಲೇಪನಕ್ಕೆ ಬಳಸುವ ಕ್ರೋಮಿಯಂ ಸೇರಿರುವುದು ಅದಕ್ಕೆ ಸಾಕ್ಷಿ.

ಸರಿಗೆಯನ್ನು ಮಾಡುವ ಬಗೆ ಹೀಗೆ. ಬೆಳ್ಳಿಯನ್ನು ಕೂದಲಿನಂತೆ ಎಳೆದು, ಚಪ್ಪಟೆಮಾಡಿ, ಬಣ್ಣದ ರೇಷ್ಮೆಯ ಎಳೆಯೊಂದರ ಸುತ್ತ ಹಾವು ಸುತ್ತಿದಂತೆ ಒತ್ತಾಗಿ ಸುತ್ತುವರು. ಆ ಮೇಲೆ ಆ ದಾರವನ್ನು ಋಣಾಗ್ರವಾಗಿ ಮಾಡಿ ಚಿನ್ನದ ದ್ರಾವಣದ ಮೂಲಕ ಹಾಯಿಸುವರು. ನಕಲಿಯಲ್ಲಿ ಬೆಳ್ಳಿಯ ಬದಲು ಬೆಳ್ಳಿ ಲೇಪಿಸಿದ ತಾಮ್ರ, ರೇಷ್ಮೆಯ ಬದಲು ಹತ್ತಿಯೋ ಕೃತಕ ನೂಲೋ ಇರುವುದು. ಈಚೆಗೆ ಬಂದ ಪ್ಲಾಸ್ಟಿಕ್ಕಿನ ಜರಿಯಲ್ಲಿ ಅದೂ ಇಲ್ಲ. ಈ ಕೆಲಸಕ್ಕೆ ಸೂರತ್ ಪಟ್ಟಣವು ಹೆಸರುವಾಸಿ. ನಮ್ಮ ಊರಿನ ಮಗ್ಗಗಳಿಗೆ ಸರಿಗೆ ಬರುತ್ತಿದ್ದುದೂ ಅಲ್ಲಿಂದಲೇ, ಈಗ ಆ ಮಗ್ಗಗಳನ್ನು ಸುಮ್ಮನಾಗಿಸುತ್ತಿರುವ ಅಗ್ಗದ ಸೀರೆಗಳು ಬರುತ್ತಿರುವುದೂ ಅಲ್ಲಿಂದಲೇ.

ಹೋದ ವರ್ಷದ ಆಷಾಢದಲ್ಲಿ ಈ ವಿದ್ಯೆಗೆ ನಮ್ಮ ಮನೆಯಲ್ಲಿ ಕೆಲಸ ಬಿತ್ತು. ನಮ್ಮ ತಂದೆಯವರು ಕೈಮಗ್ಗದ ನೇಕಾರರು. 1966ರಲ್ಲಿ ತಮ್ಮ ಮದುವೆಗೆಂದು, ರಾತ್ರಿಯ ಹೊತ್ತು ದೀಪದ ಬೆಳಕಿನಲ್ಲಿ, ತಾವೇ ಒಂದು ಸೀರೆಯನ್ನು ನೇಯ್ದಿದ್ದರು. ತಾಯಿಯವರು ಅದನ್ನು ಧಾರೆಗೆ ಉಟ್ಟವರು ಮತ್ತೆ ಉಟ್ಟುದು ಬೆರಳಲ್ಲೆಣಿಸುವಷ್ಟು ಸಲ. ತಂದೆಯವರು ಈಗಿಲ್ಲ. ನಾವು ಓದಿನ ದಾರಿ ಹಿಡಿದೆವು. ಮಗ್ಗ ಹಿಡಿದ ತಮ್ಮನು ನಾಲ್ಕು ವಿದ್ಯುನ್ಮಗ್ಗಗಳಲ್ಲಿ ಎರಡನ್ನು ಮಾರಿ ಉಳಿದೆರಡರಿಂದ ದಿನ ದೂಡುತ್ತಿದ್ದನು. ಅವನ ಮಗಳಿಗೆ ಕಾಲೇಜಿನ ಹಣ ಕಟ್ಟಬೇಕಾಗಿ ಬಂದಾಗ ತಾಯಿಯವರೇ ಪೆಟ್ಟಿಗೆಯಿಂದ ಸೀರೆಯನ್ನು ತೆಗೆದು, "ಮಡಿಕೆಮಡಿಕೆಗೂ ಒಡೆದುಹೋಗಿದೆ, ಇದನ್ನಿಟ್ಟುಕೊಂಡು ಏನು ಮಾಡ್ಲಿ? ಸರಿಗೆಗಾದ್ರೂ ಏನಾದ್ರೂ ಬರ್ತದೋ ನೋಡಪ್ಪ" ಎಂದರು.

ಹಳೆಯ ಜರಿ ಸೀರೆಗಳನ್ನು ಕೊಳ್ಳುವ ವ್ಯಾಪಾರಿಯೊಬ್ಬನು ಬೀದಿಯಲ್ಲಿ ಕೂಗಿಕೊಂಡು ಬಂದನು. ಸೆರಗಿನ ಸರಿಗೆಯನ್ನು ಉಗುರಿನಿಂದ ಪರಪರನೆ ಉಜ್ಜಿ, ಮೇಲೆ ಕಾಣಿಸಿದ ಕೆಂಪನ್ನು ಎಲ್ಲರಿಗೂ ತೋರಿಸಿ, "ನೋಡಿ ಸ್ವಾಮಿ, ಒಳಗೆಲ್ಲ ತಾಮ್ರ. ಬರೀ ಗಿಲೀಟು. ಸಾವಿರದಿನ್ನೂರು ಕೊಡ್ತೀನಿ, ಅದೂ ಅಜ್ಜಿ ಮುಖ ನೋಡಿ" ಎಂದನು. ಬೆಲೆಯ ಮಾತು ಯಾರಿಗೂ ನಾಟಲಿಲ್ಲ. ಗೋಡೆಗೊರಗಿ ಕೂತಿದ್ದ ತಾಯಿಯವರು ಅವನು ಹೋದ ಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕರೆದಾಗ, "ಬೆಳ್ಳಿ ಸರಿಗೇನೇ ಅಂತ ಹೇಳಿದ್ರಲ್ಲೋ ನಿಮ್ಮಪ್ಪ" ಎಂದಷ್ಟೇ ಅಂದು ತಟ್ಟೆಯನ್ನು ಸರಿಸಿದರು. ಅರುವತ್ತು ವರ್ಷಗಳ ಒಂದು ನಂಬಿಕೆಯನ್ನು ಬೀದಿಯ ಉಗುರೊಂದು ಕೆರೆದುಹಾಕಿತ್ತು.

ತಮ್ಮನ ಮಗಳು ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವಳು. ಬೆಳಗ್ಗೆ ನಮ್ಮ ಬಳಿಗೆ ಬಂದು, "ದೊಡ್ಡಪ್ಪ, ಆ ಕೆಂಪು ತಾಮ್ರವೇ ಅಂತ ಹೇಗೆ ಗೊತ್ತು?" ಎಂದಳು. ಸೆರಗಿನ ಕುಚ್ಚಿನಿಂದ ಗೇಣುದ್ದದ ಸರಿಗೆಯೊಂದನ್ನು ಬಿಡಿಸಿ, ಸೂಜಿಯಿಂದ ಸುರುಳಿಯನ್ನು ಬಿಚ್ಚುತ್ತ ಹೋದೆವು. ಲೋಹದ ಪಟ್ಟಿ ಒಂದು ಕಡೆ, ಒಳಗಿನ ಎಳೆ ಒಂದು ಕಡೆ ಆಯಿತು. ಕೆಂಪಾಗಿದ್ದುದು ಆ ಎಳೆ! ದೀಪಕ್ಕೆ ಹಿಡಿದಾಗ ಕೂದಲು ಸುಟ್ಟ ವಾಸನೆ ಬಂದು ಕರಿಯ ಬೂದಿಯಾಯಿತು. ಅದು ಕೆಂಪು ಬಣ್ಣ ಹಾಕಿದ ರೇಷ್ಮೆ. ಅಪ್ಪಟ ಸರಿಗೆಯಲ್ಲಿ ಹಿಂದಿನಿಂದಲೂ ಇರುತ್ತಿದ್ದುದು. ಉಜ್ಜಿದಾಗ ಪಟ್ಟಿ ಸರಿದು ಒಳಗಿನ ರೇಷ್ಮೆಯು ಇಣಿಕಿದುದನ್ನೇ ಆ ವ್ಯಾಪಾರಿಯು ತಾಮ್ರವೆಂದು ತೋರಿಸಿದ್ದನು.

ಹುಡುಗಿಗೆ ಅಷ್ಟಕ್ಕೆ ತೃಪ್ತಿಯಾಗಲಿಲ್ಲ. ಪಟ್ಟಿಯ ಬಿಳುಪು ಬೆಳ್ಳಿಯದೋ, ತಾಮ್ರದ ಮೇಲಿನ ಬೆಳ್ಳಿಯ ಲೇಪದ್ದೋ ಎಂದು ಅವಳ ವಾದ, ವಾದವು ಸರಿಯಾದುದೇ. ಅವಳು ಹಿತ್ತಿಲಿನ ಬಯಲಿನಲ್ಲಿ ಎರಡು ಲೋಟಗಳಲ್ಲಿ ಉಪ್ಪುನೀರನ್ನು ಇಟ್ಟುಕೊಂಡಳು. ಇಲ್ಲಿ ಧನಾಗ್ರದಲ್ಲಿ ಪೆನ್ಸಿಲಿನ ಸೀಸಕ್ಕೆ ಬದಲು ಲೋಹವಿರುವುದರಿಂದ, ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು ಮೊದಲು ಆ ಲೋಹವೇ. ಕ್ಲೋರಿನ್ನಿನ ಭಯ ಕಡಮೆ. ಒಂದರಲ್ಲಿ ತಾಮ್ರದ ತಂತಿಯನ್ನು ಧನಾಗ್ರಕ್ಕೆ ಕಟ್ಟಿ ಪ್ರವಾಹ ಬಿಟ್ಟಾಗ ಕೆಲವೇ ನಿಮಿಷಗಳಲ್ಲಿ ಕಿತ್ತಳೆಯ ಛಾಯೆಯ ಹಳದಿ ಮಡ್ಡಿಯು ಮೋಡದಂತೆ ಇಳಿಯಿತು. ಇನ್ನೊಂದರಲ್ಲಿ, ಬ್ಲೇಡಿನಿಂದ ಆಳವಾಗಿ ಹೆರೆದ ಸರಿಗೆಯ ಪಟ್ಟಿಗಳನ್ನು ಸೇರಿಸಿ ಕಟ್ಟಿದಳು. ಮಡ್ಡಿಯಿಲ್ಲ, ಬಣ್ಣವಿಲ್ಲ, ಪಟ್ಟಿಯ ಮೇಲೆ ಬಿಳಿಯ ಪೊರೆಯೊಂದು ಕಟ್ಟಿ, ಬಿಸಿಲಿಗೆ ಹಿಡಿದಾಗ ಮೆಲ್ಲನೆ ನೇರಳೆಗಪ್ಪಿಗೆ ತಿರುಗಿತು. ಬೆಳ್ಳಿಯ ಕ್ಲೋರೈಡು ಬೆಳಕಿಗೆ ಕಪ್ಪಾಗುವುದು. ಹಳೆಯ ಛಾಯಾಚಿತ್ರಗಳೆಲ್ಲ ಬೆಳ್ಳಿಯ ಲವಣಗಳ ಈ ಗುಣದಿಂದಲೇ ಮೂಡಿದುವು. ಅವಳು ಲೋಟವನ್ನು ಹಿಡಿದು ಒಳಗೆ ಓಡಿ, "ಅಜ್ಜೀ, ತಾತ ಹೇಳಿದ್ದು ನಿಜ" ಎಂದಳು. ತಾಯಿಯವರು ಲೋಟದೊಳಕ್ಕೆ ಇಣಿಕಿ ನೋಡಿದರು. ಅವರಿಗೆ ಅದರಲ್ಲಿ ಏನು ಕಂಡಿತೋ ನಾವರಿಯೆವು. ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡರು.

ಇಷ್ಟಾದ ಮೇಲೆ ಚಿನ್ನದ ಪ್ರಶ್ನೆ ಉಳಿಯಿತು. ಮೈಸೂರಿನಲ್ಲಿ 1912ರಲ್ಲಿ ಸ್ಥಾಪಿತವಾದ ರೇಷ್ಮೆ ಕಾರ್ಖಾನೆಯ ಸೀರೆಗಳ ಸರಿಗೆಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, 0.65 ಭಾಗ ಚಿನ್ನವೆಂದು ಹೇಳುವರು. ನಮ್ಮ ಸೀರೆಯೂ ಆ ಮೇಲ್ಮಟ್ಟದ್ದೆಂದು ಇಟ್ಟುಕೊಂಡು ಹುಡುಗಿಯು ಲೆಕ್ಕ ಹಾಕಿದಳು. 100 ಗ್ರಾಂ ಸರಿಗೆಗೆ 0.65 ಗ್ರಾಂ ಚಿನ್ನ. ಸಯನೈಡಿನ ದ್ರಾವಣದಿಂದ ಒಂದು ಆಂಪಿಯರಿಗೆ ಗಂಟೆಯೊಂದಕ್ಕೆ 7.35 ಗ್ರಾಂ ಚಿನ್ನವು ಕೂರತಕ್ಕದ್ದು. ಹಾಗಾದರೆ ಇದಕ್ಕೆ ಬೇಕಾದುದು ಒಂದು ಆಂಪಿಯರ್ ಪ್ರವಾಹ, 5 ನಿಮಿಷ 18 ಸೆಕೆಂಡು. ಮೊಬೈಲ್ ಫೋನಿನ ಸಣ್ಣ ಚಾರ್ಜರು ಕೊಡುವಷ್ಟು ವಿದ್ಯುತ್ತು. ಒಂದು ತಪ್ಪಲೆ ಹಾಲು ಕಾಯುವಷ್ಟು ಹೊತ್ತು! ಇಷ್ಟು ಅಲ್ಪವಾದುದಕ್ಕೆ ಬೆಲೆಯೇನೆಂದು ತಮ್ಮನು ನಕ್ಕನು. ಅವಳು ನಗಲಿಲ್ಲ. ಬೆಳ್ಳಿಯು ಚಿನ್ನದ ನೂರು ಪಾಲು ತೂಗುವುದು ನಿಜ, ಆದರೆ ಚಿನ್ನದ ಬೆಲೆ ಬೆಳ್ಳಿಯ ಎಷ್ಟೋ ಪಾಲು. ಆ ಅಂತರವು ದಿನದಿನಕ್ಕೂ ಏರಿಳಿದರೂ ಅರುವತ್ತು ಪಾಲೆಂದು ಇಟ್ಟುಕೊಂಡರೂ ಆ ಐದು ನಿಮಿಷದ ಚಿನ್ನವು ಉಳಿದ ಬೆಳ್ಳಿಯೆಲ್ಲದರ ಬೆಲೆಯ ಅರ್ಧಕ್ಕೆ ಮೇಲಾಗುವುದು.

ಈ ಮಾತು ತಮ್ಮನ ತಲೆಗೆ ಹೋಯಿತು. ತಾಯಿಯವರೇ ತೀರ್ಮಾನ ಹೇಳಿದರು: ಒಡಲು ಹೇಗೂ ಹೋಗಿದೆ, ಸೆರಗನ್ನು ಕರಗಿಸಿ ಹುಡುಗಿಯ ಓದಿಗೆ ಹಾಕುವುದು, ಎರಡು ಅಂಚುಗಳು ಗಟ್ಟಿಯಾಗಿವೆ, ಅವನ್ನು ಬಿಚ್ಚಿ ಅವಳ ಮದುವೆಗೆ ಹೊಸ ರೇಷ್ಮೆಗೆ ಹಚ್ಚುವುದು. ತಮ್ಮನು ತಾನೇ ಕತ್ತರಿ ಹಿಡಿದು ಕೂತನು. ಬೆಂಗಳೂರಿನ ನಗರ್ತಪೇಟೆಯಲ್ಲಿ ಪರೀಕ್ಷೆ ಮಾಡುವ ಅಂಗಡಿಯೊಂದಕ್ಕೆ ಹೋದೆವು. ಸೆರಗನ್ನು ಸುಟ್ಟು ಬೂದಿಯನ್ನು ಮೂಸೆಯಲ್ಲಿ ಕರಗಿಸಿದಾಗ ಬಿಳಿಯ ಗುಂಡೊಂದು ನಿಂತಿತು. ಅದನ್ನು ಕ್ಷಕಿರಣದ ಯಂತ್ರದಲ್ಲಿ ಇಟ್ಟರೆ ಚಿನ್ನವು ನೂರಕ್ಕೆ 0.8 ಭಾಗವೆಂದು ತೋರಿಸಿತು. ಲೆಕ್ಕದ ಪ್ರಕಾರ ಒಂದು ಭಾಗವಿರಬೇಕಿತ್ತು. ಅರುವತ್ತು ವರ್ಷ ಮಡಿಸಿ ಬಿಚ್ಚಿದುದರಲ್ಲಿ ಸ್ವಲ್ಪ ಸವೆದಿರಬಹುದು, ಇಲ್ಲವೆ ಅಂದಿನ ಸರಿಗೆಯಲ್ಲಿಯೇ ಅಷ್ಟು ಇದ್ದಿರಬಹುದು. ಮೊದಲು ಬೆಳ್ಳಿಯ ದರವನ್ನು ಮಾತ್ರ ಹೇಳಿದ ಅಂಗಡಿಯವರು, ಹುಡುಗಿಯು ಯಂತ್ರದ ಮೇಲಿನ ಅಂಕಿಯನ್ನು ಬೆರಳಿಟ್ಟು ತೋರಿಸಿದ ಮೇಲೆ, ಬೇರ್ಪಡಿಸುವ ಖರ್ಚನ್ನು ಹಿಡಿದುಕೊಂಡು ಚಿನ್ನಕ್ಕೂ ಹಣ ಕೊಟ್ಟರು. ಸೆರಗೊಂದಕ್ಕೆ ಬಂದುದೇ ಬೀದಿಯ ವ್ಯಾಪಾರಿ ಇಡೀ ಸೀರೆಗೆ ಹೇಳಿದುದರ ಆರು ಪಾಲಿಗೆ ಕಡಮೆಯಿರಲಿಲ್ಲ. ಕಾಲೇಜಿನ ಮೊದಲ ಕಂತಿಗೆ ಇನ್ನು ಸ್ವಲ್ಪ ಸೇರಿಸಬೇಕಾಯಿತು, ಸೇರಿಸಿದೆವು.

ಹಿಂದಿರುಗುವಾಗ ಬಸ್ಸಿನಲ್ಲಿ ಅವಳು ಕೇಳಿದಳು: "ಆ ಗುಂಡಿನಲ್ಲಿ ಎರಡೂ ಕಲೆತುಹೋಗಿವೆಯಲ್ಲ ದೊಡ್ಡಪ್ಪ, ಅವರು ಹೇಗೆ ಬೇರೆ ಮಾಡ್ತಾರೆ?" ದೊಡ್ಡ ಶುದ್ಧೀಕರಣ ಶಾಲೆಗಳಲ್ಲಿ ಆ ಕೆಲಸವೂ ವಿದ್ಯುತ್ತಿನದೇ. ಇಂತಹ ಗುಂಡುಗಳನ್ನೆಲ್ಲ ಸೇರಿಸಿ ಎರಕ ಹೊಯ್ದ ಹಲಗೆಯನ್ನು ಬಟ್ಟೆಯ ಚೀಲದೊಳಗಿಟ್ಟು, ಬೆಳ್ಳಿಯ ನೈಟ್ರೇಟಿನ ದ್ರಾವಣದಲ್ಲಿ ಧನಾಗ್ರವಾಗಿ ತೂಗುಹಾಕುವರು. ಬೆಳ್ಳಿಯು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಕರಗಿ, ಚೀಲವನ್ನು ದಾಟಿ, ಎದುರಿನ ಋಣಾಗ್ರದಲ್ಲಿ ಹರಳುಹರಳಾಗಿ ಕೂರುವುದು. ಚಿನ್ನವು ಅಷ್ಟು ಸುಲಭವಾಗಿ ಎಲೆಕ್ಟ್ರಾನನ್ನು ಬಿಡತಕ್ಕದ್ದಲ್ಲ. ಅದು ಪಯಣ ಹೊರಡದೆ ಚೀಲದ ತಳದಲ್ಲಿ ಕಂದುಗಪ್ಪಿನ ಮಣ್ಣಿನಂತೆ ಉಳಿದುಬಿಡುವುದು. ಆ ಮಣ್ಣನ್ನು ತೊಳೆದು ಕರಗಿಸಿದರೆ ಮತ್ತೆ ಹಳದಿಯಾಗುವುದು.